ಅವನ ಭಾನುವಾರಗಳು

ಹನ್ನೊಂದನೇ ದಿನದ ತಿಥಿ ಮುಗಿದು, ಕೊನೆಯ ನೆಂಟರೂ ಹಿಂದಿನ ಸಂಜೆಯೇ ಬಸ್ಸು ಹತ್ತಿದ್ದರು. ಮನೆಯಲ್ಲಿ ಬೇರೆ ಯಾರೂ ಇಲ್ಲದ ಮೊದಲ ಬೆಳಿಗ್ಗೆ ಅದು. ಹಾಲಿನವನು ಎಂದಿನಂತೆ ಬಂದು ಹೋದ. ಅತ್ತೆ ಕಾಂತಮ್ಮ ಒಳಗೆ ರೊಟ್ಟಿ ತಟ್ಟುತ್ತಿದ್ದರು. ಮಾಲಿನಿ ಬಾಗಿಲಿಗೆ ನೀರು ಹಾಕುತ್ತಿದ್ದಳು.

ಗೇಟಿನ ಮುಂದೆ ಸ್ಕೂಟರೊಂದು ಬಂದು ನಿಂತಿತು. ಇಳಿದವಳಿಗೆ ಮೂವತ್ತರ ಆಸುಪಾಸು. ಮಾಸಿದ ಚೂಡಿದಾರ, ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು.

"ತಿಪ್ಪೇಶ್ ಅವ್ರ ಮನೆ ಇದೇ ಅಲ್ವಾ?"

"ಹೌದು. ಅವರು ಹೋಗ್ಬಿಟ್ರು," ಎಂದಳು ಮಾಲಿನಿ. ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದಳೋ, ಈಗ ಅದು ವಿಳಾಸ ಹೇಳಿದಷ್ಟು ಸಲೀಸಾಗಿತ್ತು.

"ಗೊತ್ತು. ನಾನು ಶಶಿ. ಅಜ್ಜಂಪುರದಲ್ಲಿ ಗ್ಯಾರೇಜು..."

ಮಾತು ಮುಂದುವರಿಯಲಿಲ್ಲ. ಶಶಿಯ ಕಣ್ಣು ಮನೆಯ ಪಕ್ಕದ ಶೆಡ್ಡಿನ ಕಡೆ ಹೋಗಿತ್ತು. ಅಲ್ಲಿ ತಿಪ್ಪೇಶನ ಸಣ್ಣ ಕೆಂಪು ಕಾರು, ಮುಂದಿನ ಒಂದು ಚಕ್ರ ಬಿಚ್ಚಿಸಿಕೊಂಡು, ಜಾಕಿನ ಮೇಲೆ ಕುಂಟನಂತೆ ನಿಂತಿತ್ತು. ನೋಡುತ್ತಿದ್ದ ಹಾಗೆಯೇ ಶಶಿಯ ಕಣ್ಣಿಂದ ನೀರು ಇಳಿಯಿತು.

ಮಾಲಿನಿ ಚೊಂಬು ಹಿಡಿದು ನಿಂತೇ ಇದ್ದಳು.

ಈ ಹನ್ನೆರಡು ದಿನಗಳಲ್ಲಿ ಅವಳು ಒಂದು ಹನಿ ಅತ್ತಿರಲಿಲ್ಲ. ಎದೆನೋವು ಎಂದು ಕುಸಿದ ಗಂಡನನ್ನು ಆಸ್ಪತ್ರೆಗೆ ಒಯ್ದಾಗಲೂ ಇಲ್ಲ, ಮಣ್ಣು ಮಾಡಿ ಬಂದಾಗಲೂ ಇಲ್ಲ. ಅತ್ತುಬಿಡು, ಹಗುರಾಗುತ್ತೆ ಎಂದು ಹೆಂಗಸರೆಲ್ಲ ಬೆನ್ನು ಸವರಿ ಸೋತಿದ್ದರು. ಈಗ ಯಾರೋ ಒಬ್ಬಳು ಅವಳದೇ ಗೇಟಿನಲ್ಲಿ ನಿಂತು, ಅವಳ ಗಂಡನಿಗಾಗಿ, ಎಷ್ಟು ಸುಲಭವಾಗಿ ಅಳುತ್ತಿದ್ದಾಳೆ!

"ಆ ಶೆಡ್ಡಲ್ಲಿ..." ಎಂದು ಶಶಿ ಶುರುಮಾಡಿದಳು. ಅಷ್ಟರಲ್ಲಿ ಕಾಂತಮ್ಮ ಹೊರಗೆ ಬಂದರು.

"ಯಾರವ್ವ ಅದು? ಒಳಕ್ ಕರೀಬಾರ್ದಾ?"

"ಏನಿಲ್ಲಮ್ಮ. ಬತ್ತೀನಿ." ಶಶಿ ಮುಖ ಒರೆಸಿಕೊಂಡು ಸ್ಕೂಟರು ತಿರುಗಿಸಿಬಿಟ್ಟಳು.

ಮಾಲಿನಿಯ ಎದೆಯಲ್ಲಿ ಹನ್ನೆರಡು ದಿನಗಳ ಮೇಲೆ ಮೊದಲ ಬಾರಿಗೆ ಏನೋ ಅಲುಗಾಡಿತು. ಅದು ದುಃಖವಾಗಿರಲಿಲ್ಲ.

ರೊಟ್ಟಿ ಆರುತ್ತಿತ್ತು. ಅವಳು ಗಂಡನ ಫೋನು ತೆಗೆದು ಕುಳಿತಳು. ಒಂದೂವರೆ ವರ್ಷದಿಂದ ಪ್ರತಿ ಶನಿವಾರ ಸಂಜೆ ಅದೇ ಹೆಸರು. ಪ್ರತಿ ಭಾನುವಾರ ಅವನು ಕಡೂರಿನಿಂದ ಅಜ್ಜಂಪುರಕ್ಕೆ ಹೋಗುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಕಾರಿನ ಕೆಲಸ ಎನ್ನುತ್ತಿದ್ದ. ಆ ಕೆಲಸ ಮಾಡುವವಳು ಒಬ್ಬ ಹೆಂಗಸು ಎಂದು ಮಾತ್ರ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಮೆಸೇಜುಗಳ ತುಂಬ ಸ್ಪ್ರಿಂಗು, ಬುಷ್ಷು, ಶಾಕ್ ಅಬ್ಸಾರ್ಬರು. ಅವುಗಳ ಮಧ್ಯೆ ಒಂದು: 'ಭಾನುವಾರ ಬೇಗ ಬನ್ನಿ. ಕಾಯ್ತಿರ್ತೀನಿ.'

ಅದನ್ನು ಎಷ್ಟು ಸಲ ಓದಿದಳೋ! ಒಮ್ಮೆ ಅದರಲ್ಲಿ ಏನೂ ಇಲ್ಲ ಅನಿಸಿತು. ಮರುಕ್ಷಣ, ಇರುವುದೆಲ್ಲ ಅದರಲ್ಲೇ ಇದೆ ಅನಿಸಿತು.

ಇನ್ನೊಂದು ನೆನಪು ಇದಕ್ಕಿಂತ ಹೆಚ್ಚು ಚುಚ್ಚಿತು. ಮದುವೆಯಾದ ಹೊಸತರಲ್ಲಿ ತಿಪ್ಪೇಶ ಊಟದ ತಟ್ಟೆಯಲ್ಲೇ ಸಾರಿನಿಂದ ಗೆರೆ ಎಳೆದು, ತಿರುವಿನಲ್ಲಿ ಕಾರು ಯಾಕೆ ವಾಲುತ್ತದೆ, ಮುಂದಿನ ಸ್ಪ್ರಿಂಗು ಬಿಗಿಯಾದರೆ ಹೇಗೆ ನೆಲ ಕಚ್ಚಿಕೊಂಡು ತಿರುಗುತ್ತದೆ ಎಂದು ಉತ್ಸಾಹದಿಂದ ಹೇಳುತ್ತಿದ್ದ. ಚಿಕ್ಕಮಗಳೂರಿನಲ್ಲಿ ನಡೆಯುವ ಮಣ್ಣಿನ ರೇಸಿನಲ್ಲಿ ಒಮ್ಮೆ ಈ ಕಾರು ಓಡಿಸಬೇಕೆಂಬ ಆಸೆ ಅವನಿಗೆ. ಮಾಲಿನಿ ತರೀಕೆರೆಯ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಕ್ಲಾಸಿನಲ್ಲಿ ಸ್ಪ್ರಿಂಗಿನ ಪಾಠ ಹೇಳಿ ಸಾಕಾಗಿದೆ, ಊಟ ಮಾಡ್ರೀ ಎಂದಿದ್ದಳು. ಆಮೇಲೆ ಯಾವತ್ತೋ ಅವನು ಹೇಳುವುದನ್ನು ನಿಲ್ಲಿಸಿದ್ದ. ನಿಲ್ಲಿಸಿದ್ದನ್ನು ಅವಳು ಗಮನಿಸಿಯೇ ಇರಲಿಲ್ಲ.

'ನನಗೆ ಬೇಡವಾದ ಅವರ ಒಂದು ಪಾಲು ಅವಳಿಗೆ ಸಿಕ್ಕಿತ್ತು... ನಾನೇ ಕೊಟ್ಟುಬಿಟ್ಟೆನಾ?'

ಶೆಡ್ಡಿಗೆ ಹೋದಳು. ಬಲಗಡೆಯ ಚಕ್ರದ ಹಿಂದೆ ಹೊಸ ನೀಲಿ ಸ್ಪ್ರಿಂಗು ಆಗಲೇ ಕೂತಿತ್ತು. ಎಡಗಡೆಯದು ಬೆಂಚಿನ ಮೇಲಿತ್ತು. ಅದರ ಎರಡೂ ಮಗ್ಗುಲಿಗೆ ಉದ್ದ ಬೋಲ್ಟಿನ ಎರಡು ಕ್ಲಾಂಪುಗಳು, ಸ್ಪ್ರಿಂಗನ್ನು ಅದುಮಿ ಗಿಡ್ಡ ಮಾಡಿ ಹಿಡಿದಿದ್ದವು. ಕ್ಲಾಂಪಿನ ಕಬ್ಬಿಣದ ಮೇಲೆ ಉಳಿಯಿಂದ ಕೊರೆದ ಎರಡಕ್ಷರ: ಶಶಿ.

ಓ, ಇದಕ್ಕೇ ಬಂದಿದ್ದಾಳೆ. ಹಾಗಿದ್ದರೆ ಬಾಯಿಬಿಟ್ಟು ಕೇಳಲಿಲ್ಲ ಯಾಕೆ? ಒಳಗೊಂದು ಅಳುಕು ಇಲ್ಲದಿದ್ದರೆ ಹಾಗೆ ಓಡಿಹೋಗುತ್ತಿದ್ದಳೇ? ಇವತ್ತೇ ಬಿಚ್ಚಿ, ಹೋಗಿ ಅವಳ ಗ್ಯಾರೇಜಿನ ಬಾಗಿಲಿಗೆ ಎಸೆದು ಬರುತ್ತೇನೆ.

ಸ್ಪ್ಯಾನರು ಸಿಕ್ಕಿಸಿ ಒಂದು ಬೋಲ್ಟನ್ನು ತಿರುವಿದಳು. ಇನ್ನೊಂದು ಸುತ್ತು. ಟಕ್ಕೆಂದು ಸದ್ದಾಗಿ ಸ್ಪ್ರಿಂಗು ಒಂದು ಕಡೆಗೆ ಸೊಟ್ಟಗಾಯಿತು.

ಮಾಲಿನಿಯ ಕೈ ಅಲ್ಲೇ ನಿಂತಿತು. ಅದುಮಿಟ್ಟ ಸ್ಪ್ರಿಂಗಿನೊಳಗೆ ಎಷ್ಟು ಶಕ್ತಿ ಕೂತಿರುತ್ತದೆಂದು ಅವಳು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದವಳು. ಇನ್ನೊಂದು ಸುತ್ತು ತಿರುವಿದ್ದರೆ ಅದು ಹಾರುತ್ತಿದ್ದದ್ದು ನೇರ ಅವಳ ಮುಖಕ್ಕೆ.

ಹಿಂದೆ ಹಿಂದೆ ಸರಿದು, ಗಂಡನ ಫೋನಿನಿಂದಲೇ ಕರೆ ಮಾಡಿದಳು.

"ನಿಮ್ಮ ಸಾಮಾನು ನಮ್ಮಲ್ಲಿದೆ. ಬಿಚ್ಚೋಕೆ ಬರ್ತಿಲ್ಲ."

ಆ ಕಡೆ ಶಶಿಯ ದನಿ ಏರಿತು. "ಮುಟ್ಟಿದ್ರಾ? ಮೇಡಂ, ಹೊರಗ್ ಬಂದ್ಬಿಡಿ. ಬಾಗ್ಲು ಹಾಕಿ. ಯಾರನ್ನೂ ಬಿಡ್ಬೇಡಿ, ಬಂದೆ."

ಅರ್ಧ ದಾರಿಯಿಂದಲೇ ಹಿಂತಿರುಗಿದ್ದಳೇನೋ, ಬೇಗ ಬಂದಳು. ಮೊದಲು ಸಡಿಲವಾದ ಬೋಲ್ಟನ್ನು ಬಿಗಿದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು.

"ಇದನ್ನ ಹೇಳೋಕೇ ಕಣ್ರೀ ಬೆಳಿಗ್ಗೆ ಬಂದಿದ್ದು. ಕ್ಲಾಂಪು ನನ್ ಹತ್ರ ತಗೊಂಡ್ ಹೋಗಿದ್ರು, ಒಂದ್ ಸ್ಪ್ರಿಂಗು ಅದುಮಿಟ್ಟಿದೀನಿ ಅಂತ ಕೊನೇ ಸಲ ಫೋನ್ ಮಾಡ್ದಾಗ ಹೇಳಿದ್ರು."

"ಮತ್ತೆ ಹೇಳಲಿಲ್ಲ?"

"ಹೆಂಗ್ ಹೇಳ್ಲಿ? ನಿಮ್ಮತ್ತೆ ಬಂದ್ರು. ಸ್ಪ್ರಿಂಗು ಅಂತ ಬಾಯ್ ತೆಗೆದ್ರೆ, ತಿಥಿ ಮುಗಿದಿದ್ದೇ ತಡ ಸಾಮಾನ್ ಕೇಳೋಕ್ ಬಂದ್ಬಿಟ್ಲು ಅನ್ಕೊಳಲ್ವಾ? ಮೂರ್ನೇ ದಿನಾನೂ ಬಂದಿದ್ದೆ. ಬೀದಿ ತುದೀಲಿ ನಿಂತು ವಾಪಸ್ ಹೋದೆ."

ಆ ಕಡೆಯ ಊರುಗಳಲ್ಲಿ ಅದೊಂದು ಮರ್ಯಾದೆ. ಸಾವಿನ ಮನೆಗೆ ಹಿಂದೆ ಕೊಟ್ಟಿದ್ದ ವಸ್ತುವನ್ನು ಯಾರೂ ವಾಪಸ್ ಕೇಳುವುದಿಲ್ಲ. ಆ ಮನೆಯವರೇ ತಂದು ಕೊಡುವವರೆಗೆ ಕಾಯುತ್ತಾರೆ. ಮಾಲಿನಿಗೂ ಅದು ಗೊತ್ತಿತ್ತು. ಹೊಟ್ಟೆಕಿಚ್ಚಿನಲ್ಲಿ ಮರೆತಿದ್ದಳು, ಅಷ್ಟೆ.

ಸ್ಪ್ರಿಂಗು ಬಿಚ್ಚಿ ಇಡಬಹುದು, ಇಲ್ಲದಿದ್ದರೆ ಕಾರಿಗೆ ಕೂರಿಸಿ ಕೆಲಸ ಮುಗಿಸಬಹುದು, ಒಂದೇ ಕಡೆ ಹಾಕಿ ಬಿಟ್ಟರೆ ಕಾರು ಪಕ್ಕಕ್ಕೆ ಎಳೆಯುತ್ತದೆ ಎಂದಳು ಶಶಿ. ಮುಗಿಸೋಣ ಎಂದಳು ಮಾಲಿನಿ.

ಶಾಕ್ ಅಬ್ಸಾರ್ಬರಿನ ಮೇಲೆ ಸ್ಪ್ರಿಂಗು ಕೂರಿಸಿ, ನೆತ್ತಿಯ ನಟ್ಟು ಬಿಗಿದಾಯಿತು. ಇನ್ನು ಕ್ಲಾಂಪು ಸಡಿಲಿಸಬೇಕು. ಶಶಿ ಒಂದು ಸ್ಪ್ಯಾನರನ್ನು ಮಾಲಿನಿಯ ಕೈಗೆ ಕೊಟ್ಟಳು. ನಾನು ಅರ್ಧ ಸುತ್ತು, ನೀವು ಅರ್ಧ ಸುತ್ತು, ಯಾರೂ ಮುಂದೆ ಓಡಬಾರದು ಎಂದಳು.

ಎದುರುಬದುರು ಕೂತರು. ಅರ್ಧ ಸುತ್ತು. ಅರ್ಧ ಸುತ್ತು. ಮುಖ ನೋಡದೆ ಮಾತಾಡಲು ಅದು ಅನುಕೂಲವಾಗಿತ್ತು.

"ಅವರು ಅಂದ್ರೆ ನಿಮಗೆ ಇಷ್ಟ ಇತ್ತಾ?" ಮಾಲಿನಿ ಕೇಳಿದಳು.

ಶಶಿ ತನ್ನ ಅರ್ಧ ಸುತ್ತು ಮುಗಿಸಿದಳು.

"ಇತ್ತು."

"ಅವರಿಗೆ?"

"ಅವ್ರಿಗೆ ಕಾರು ಇಷ್ಟ ಇತ್ತು. ನನ್ ಕಡೆ ನೋಡ್ದೋರೇ ಅಲ್ಲ. ಮಾತೆತ್ತಿದ್ರೆ 'ನಮ್ಮನೆಯೋರು ಎಮ್ಮೆಸ್ಸಿ, ಹಿಂಗಂತಾರೆ, ಹಂಗಂತಾರೆ'... ವಾರವೆಲ್ಲ ಕಾದು ನಾನು ಕೇಳ್ತಿದ್ದಿದ್ದು ಇದೇ. ನಿಮ್ಮನ್ನ ಕಂಡ್ರೆ ಉರೀತಿತ್ತು ನಂಗೆ, ನೋಡ್ದೇನೇ."

ಮಾಲಿನಿಯ ಸ್ಪ್ಯಾನರು ಬೋಲ್ಟಿನ ಮೇಲೆಯೇ ನಿಂತಿತ್ತು.

"ನಿಮ್ಮ ಸರದಿ," ಎಂದಳು ಶಶಿ. ಮಾಲಿನಿ ತಿರುವಿದ ಮೇಲೆ ಅವಳೇ ಹೇಳಿದಳು: "ಗ್ಯಾರೇಜಿನೋರು ಹೆಂಗ್ಸು ಅಂತ ಮನೇಲಿ ಹೇಳಿದೀರಾ ಅಂತ ಒಂದ್ಸಲ ಕೇಳಿದ್ದೆ. ಅಯ್ಯೋ, ಮೊದ್ಲೇ ಹೇಳಿದೀನಿ, ಅವ್ಳಿಗೆ ನಿಮ್ಮ ಮೇಲೆ ಬಾಳ ಗೌರವ ಅಂದ್ರು."

"ಗೌರವ?"

"ಹೂಂ. ಹಂಗೇ ಅಂದ್ರು."

ಮಾಲಿನಿಗೆ ನಗು ಬಂತು. ತಿಂಡಿ ತಿನ್ನದೆ ತಿಂದೆ ಎನ್ನುವವನು, ಮಾತ್ರೆ ಜೇಬಿನಲ್ಲೇ ಇಟ್ಟುಕೊಂಡು ನುಂಗಿದೆ ಎನ್ನುವವನು. ಜಗಳ ಬೇಡವೆಂದು, ಕಣ್ಣಿಗೆ ಕಣ್ಣು ಕೊಟ್ಟು, ಸಣ್ಣ ಸಣ್ಣ ಸುಳ್ಳು ಹೇಳುತ್ತಿದ್ದ ಅವಳದೇ ತಿಪ್ಪೇಶ! ಇವಳಿಗೂ ಅದನ್ನೇ ಹೇಳಿದ್ದಾನೆ. ಆ ಮಾತಿನಲ್ಲಿ ಅವನು ಇಡಿಯಾಗಿ ಎದುರು ಬಂದು ನಿಂತ ಹಾಗಾಯಿತು.

"ಸುಳ್ಳ," ಎಂದಳು. "ಎಂಥ ಸುಳ್ಳ ನೋಡಿ..."

ನಗು ಹಾಗೇ ಅಳುವಾಯಿತು. ಒಳಗಿನಿಂದ ಕಾಂತಮ್ಮ ಓಡಿಬಂದರು. ಶೆಡ್ಡಿನ ಬಾಗಿಲಲ್ಲಿ ಒಂದು ಗಳಿಗೆ ನಿಂತು ಸೊಸೆ ಬಿಕ್ಕುವುದನ್ನು ನೋಡಿ, ಏನನ್ನೂ ಕೇಳದೆ ಸದ್ದಿಲ್ಲದೆ ಒಳಗೆ ಹೋದರು. ಶಶಿ ಇನ್ನೊಂದು ಸ್ಪ್ಯಾನರನ್ನೂ ತಾನೇ ತೆಗೆದುಕೊಂಡು, ಎರಡೂ ಕಡೆ ಸಮನಾಗಿ ಸಡಿಲಿಸಿ ಮುಗಿಸಿದಳು.

ಚಕ್ರ ಹಾಕಿದ ಮೇಲೆ, ಮುಂದಿನ ಚಕ್ರಗಳು ನೇರವಾಗಿವೆಯೇ ಎಂದು ತನ್ನ ಗ್ಯಾರೇಜಿನಲ್ಲೇ ನೋಡಬೇಕೆಂದಳು. ಕ್ಲಾಂಪುಗಳನ್ನು ಮಾತ್ರ ಬೆಂಚಿನ ಮೇಲೆಯೇ ಬಿಟ್ಟು ಹೋದಳು. ತಾನಾಗಿ ಒಯ್ಯುವುದು ಮರ್ಯಾದೆಯಲ್ಲ.

ಭಾನುವಾರ ಮಾಲಿನಿ ಒಬ್ಬಳೇ ಕಾರು ಓಡಿಸಿದಳು. ಬಿಗಿ ಸ್ಪ್ರಿಂಗಿಗೆ ರಸ್ತೆಯ ಪ್ರತಿ ತಗ್ಗೂ ಸೊಂಟಕ್ಕೆ ಬಡಿಯಿತು. ಅಜ್ಜಂಪುರ ಹತ್ತಿರವಾದಾಗ ಒಂದು ದೊಡ್ಡ ತಿರುವು. ವಾಲುತ್ತದೆಂದು ಮೈ ಬಿಗಿ ಹಿಡಿದಳು. ಕಾರು ವಾಲಲಿಲ್ಲ. ಹೇಳಿದ ಮಾತು ಕೇಳುವಂತೆ, ನೆಲ ಕಚ್ಚಿಕೊಂಡು ತಿರುಗಿತು. ಅವನು ತಟ್ಟೆಯಲ್ಲಿ ಎಳೆದ ಗೆರೆ ಇದೇ ಇರಬೇಕು... ಎಂಟು ವರ್ಷ ತಡವಾಗಿ ಅವಳಿಗೆ ಅರ್ಥವಾಯಿತು.

ಗ್ಯಾರೇಜಿನಲ್ಲಿ ಶಶಿ ಎದ್ದು ನಿಂತಳು. ಮಾಲಿನಿ ಕ್ಲಾಂಪುಗಳನ್ನು ಒರೆಸಿ, ಎಣ್ಣೆ ಹಚ್ಚಿ ತಂದಿದ್ದಳು. ಎರಡೂ ಕೈಯಲ್ಲಿ ಕೊಟ್ಟಳು. ಶಶಿ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ನನಗೆ ಇನ್ನೂ ಹೊಟ್ಟೆಕಿಚ್ಚು ಹೋಗಿಲ್ಲ," ಎಂದಳು ಮಾಲಿನಿ.

"ನಂಗೂ."

ಮಾಲಿನಿ ಒಂದು ಸ್ಟೂಲು ಎಳೆದುಕೊಂಡು ಕೂತಳು.

"ಇಲ್ಲಿ ಅವರು ಏನೇನು ಮಾತಾಡ್ತಿದ್ರು, ಹೇಳ್ತೀರಾ?"

"ಹೇಳ್ತೀನಿ. ಎಲ್ಲಾ ಹೇಳಲ್ಲ."

"ನಾನೂ ಎಲ್ಲಾ ಕೇಳಲ್ಲ."