ಒಳಗಿನಿಂದ ಮುಚ್ಚಿದ ಖಾಲಿ ಕೋಣೆ

ಕಂಬವಿಲ್ಲದೆ ಆಕಾಶವನ್ನು ನಿಲ್ಲಿಸಿದ, ಕೀಲಿಲ್ಲದೆ ಹಗಲಿರುಳುಗಳನ್ನು ತೆರೆದು ಮುಚ್ಚುವ ಆ ಪರಮ ಶಿಲ್ಪಿಗೆ ವಂದಿಸಿ, ಒಂದು ಬಾಗಿಲಿನ ವೃತ್ತಾಂತವನ್ನು ನಿವೇದಿಸುತ್ತೇನೆ. ಸತ್ಯವನ್ನು ಕಾಣುವ ಕಣ್ಣನ್ನು ಅವನು ನಮಗೆ ಕರುಣಿಸಲಿ.

ಕೋಣೆ ಖಾಲಿ. ಕಿಟಕಿಗೆ ಎರಡು ಬೆರಳು ದಪ್ಪದ ಕಬ್ಬಿಣದ ಸರಳು. ಆದರೂ ಬಾಗಿಲಿನ ಚಿಲಕ ಬಿದ್ದಿದೆ — ಒಳಗಿನಿಂದ!

"ಇದು ನಿನ್ನದೇ ಕೈಚಳಕ!" ಮನೆಯ ಯಜಮಾನರು ಸುತ್ತಿಗೆ ಎತ್ತಿ ಗುಡುಗಿದರು. "ಬೆಳಗ್ಗೆ ಆ ಕೋಣೆಗೆ ಕೊನೇಲಿ ಹೋಗಿದ್ದು ನೀನು. ಹೌದೋ ಅಲ್ವೋ?"

ಬಡಗಿ ಎರಡು ಹೆಜ್ಜೆ ಹಿಂದೆ ಸರಿದ. "ಹೌದು ಸ್ವಾಮಿ. ಮರೆತಿದ್ದ ಉಳಿ ತಗೊಂಡೆ, ಬಂದೆ. ಬಾಗಿಲು ಮುಟ್ಟಲೂ ಇಲ್ಲ."

"ಮತ್ತೆ ಮೊನ್ನೆ ಏನಂದೆ? ನಾನಿಲ್ಲದೆ ಈ ಬಾಗಿಲು ಹೇಗೆ ತೆಗೀತೀರೋ ನೋಡ್ತೀನಿ ಅಂದೆಯಲ್ಲ?"

ಅಂದದ್ದು ನಿಜ. ಹತ್ತು ದಿನ ಕೆತ್ತಿ ನಿಲ್ಲಿಸಿದ ಬಾಗಿಲದು. ಇನ್ನೇನು ಕೆಲಸ ಮುಗಿಯಬೇಕು ಎನ್ನುವಾಗ, ಮೊಬೈಲಿನಲ್ಲಿ ನಾಲ್ಕು ರಿಪೇರಿ ವಿಡಿಯೋ ನೋಡಿದ ಯಜಮಾನರು, "ಉಳಿದದ್ದು ನಾನೇ ಮಾಡ್ಕೋತೀನಿ" ಎಂದು ಅವನನ್ನು ಕಳುಹಿಸಿಬಿಟ್ಟಿದ್ದರು. ಹೊಟ್ಟೆಯುರಿಗೆ ಆಡಿದ ಆ ಮಾತು ಈಗ ಕುತ್ತಿಗೆಗೆ ಬಂದಿತ್ತು. ಗೇಟಿನ ಬಳಿ ಪಕ್ಕದ ಮನೆಯ ಡಾಕ್ಟರು ನಿಂತು ಎಲ್ಲವನ್ನೂ ಕೇಳುತ್ತಿದ್ದರು. ತಮ್ಮ ಹೊಸ ಆಸ್ಪತ್ರೆಯ ಅಷ್ಟೂ ಬಾಗಿಲುಗಳನ್ನು ಈ ಬಡಗಿಗೇ ಒಪ್ಪಿಸುವುದಾಗಿ ನಿನ್ನೆಯಷ್ಟೇ ಮಾತು ಕೊಟ್ಟಿದ್ದವರು! ಈಗ ಅವರು ಅವನ ಮುಖವನ್ನು ನೋಡುತ್ತಿರಲಿಲ್ಲ.

"ಸರಿ, ಒಡೀತೀನಿ!" ಯಜಮಾನರು ಸುತ್ತಿಗೆ ಬೀಸಿದರು.

"ನಿಲ್ಲೋ!"

ಆ ಧ್ವನಿ ಯಜಮಾನರ ಅಕ್ಕನದು. ಮೂವತ್ತು ವರ್ಷ ಮರಗೆಲಸದ ಶಾಲೆಯಲ್ಲಿ ಪಾಠ ಹೇಳಿದಾಕೆ. ತಮ್ಮನ ಕೈಯಿಂದ ಸುತ್ತಿಗೆಯನ್ನು ಕಸಿದು, ಬಡಗಿಯತ್ತ ತಿರುಗಿದರು.

"ನೀನು ಒಳಗೆ ಹೋದಾಗ ಬಾಗಿಲು ಹೇಗಿತ್ತಪ್ಪ?"

"ಪೂರ್ತಿ ತೆರೆದು ಗೋಡೆಗೆ ಒರಗಿತ್ತು ಅಮ್ಮ."

"ಅಂದ್ರೆ ಅದರ ಒಳಮೈ ನಿನಗೆ ಕಾಣ್ಲಿಲ್ಲ?"

"ಇಲ್ಲ."

"ನೀನು ಚಿಲಕ ಎಲ್ಲಿ ಕೂರಿಸಿದ್ದೆ?"

"ಸೊಂಟದ ಮಟ್ಟಕ್ಕೆ, ಅಡ್ಡಡ್ಡ."

ಅಕ್ಕ ಹುಬ್ಬು ಏರಿಸಿದರು. ತಮ್ಮನ ಹೆಂಡತಿಯನ್ನು ಕೇಳಿದರು — "ಇವನು ಹೋದ ಮೇಲೆ ಏನಾದ್ರೂ ಸದ್ದಾಯ್ತಾ?"

"ಆಗದೆ ಏನು ಅತ್ತಿಗೆ! ಗಾಳಿಗೆ ಬಾಗಿಲು ಧಡಾರ್ ಅಂತ ಹೊಡ್ಕೊಂಡಿದ್ದಕ್ಕೆ ನನ್ನ ಕೈಲಿದ್ದ ಸೌಟು ಬಿದ್ದುಹೋಯ್ತು. ನಿಮ್ಮ ತಮ್ಮನೇ ಏನೋ ರಿಪೇರಿ ಮಾಡ್ತಿದಾರೆ ಅಂದ್ಕೊಂಡು ಸುಮ್ಮನಾದೆ."

ಅಕ್ಕ ಮನೆಯನ್ನು ಸುತ್ತಿ ಹಿತ್ತಲಿಗೆ ನಡೆದರು. ಉಳಿದವರು ಹಿಂದೆಯೇ ಓಡಿದರು. ಸರಳುಗಳ ನಡುವೆ ಇಣುಕಿದ ಅಕ್ಕ ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಬಳಿಕ ಪಕಪಕನೆ ನಕ್ಕರು.

"ಜೇಡರ ಬಲೆ ತೆಗೆಯೋ ಕೋಲು ತನ್ನಿ. ಒಂದು ತುಂಡು ತಂತಿನೂ ಬೇಕು!"

ಕೋಲಿನ ತುದಿಗೆ ತಂತಿಯ ಕೊಕ್ಕೆ ಬಂತು. ಸರಳಿನೊಳಗಿಂದ ಕೋಲು ಮುಂದೆ ಸಾಗಿತು — ಬಾಗಿಲಿನ ಬುಡದತ್ತ. ಒಮ್ಮೆ ಜಾರಿತು. ಮತ್ತೊಮ್ಮೆಯೂ ಜಾರಿತು. ಮೂರನೆಯ ಸಲ ಕೊಕ್ಕೆ ಸಿಕ್ಕಿಕೊಂಡಿತು!

"ಓಡು, ನೂಕು!"

ಬಡಗಿ ಓಡಿದ. ಅಂಗೈ ಇಟ್ಟು ನೂಕಿದ. ಬಾಗಿಲು ಹೂವಿನ ಹಾಗೆ ತೆರೆಯಿತು.

ಎಲ್ಲರೂ ಒಳಗೆ ಸೇರಿದರು. ಡಾಕ್ಟರು ಚಪ್ಪಲಿ ಬಿಡುವುದನ್ನೂ ಮರೆತಿದ್ದರು. ಅಕ್ಕ ಬುಡದಲ್ಲಿದ್ದ ಚಿಲಕವನ್ನು ಮೇಲೆತ್ತಿ ಬಿಟ್ಟರು. ಅದು ಹೇಗೋ ನಿಂತಿತು. "ಯಾರೂ ಮುಟ್ಟಬೇಡಿ!" ಎಂದು ಬಾಗಿಲನ್ನು ಜೋರಾಗಿ ತಳ್ಳಿದರು.

ಧಡಾರ್! — ಟಕ್!

ಚಿಲಕ ತಾನಾಗಿಯೇ ನೆಲದ ರಂಧ್ರಕ್ಕೆ ಇಳಿದಿತ್ತು.

"ನೀವೆಲ್ಲ ಕೋಣೆಯಲ್ಲಿ ಮನುಷ್ಯನನ್ನ ಹುಡುಕಿದ್ರಿ," ಎಂದರು ಅಕ್ಕ. "ಬಾಗಿಲನ್ನ ಯಾರೂ ನೋಡ್ಲಿಲ್ಲ. ಸೊಂಟದ ಮಟ್ಟದಲ್ಲಿ ನಾಲ್ಕು ತೂತು, ಅದನ್ನ ಮುಚ್ಚೋಕೆ ಮೆತ್ತಿದ ಹಸಿ ಲಪ್ಪ. ಚಿಲಕ ಅಲ್ಲಿಂದ ಕಿತ್ತು ಬುಡಕ್ಕೆ ಬಂದಿದೆ. ಕಿತ್ತಿದ್ದು ಯಾರು?"

ಯಜಮಾನರು ಮೀಸೆ ತೀಡಿದರು. "ಅದು... ಚೌಕಟ್ಟಿನ ತೂತಿಗೆ ಸರಿಯಾಗಿ ಕೂರ್ತಿರಲಿಲ್ಲ. ನಾನೇ ನೆಲಕ್ಕೆ ಡ್ರಿಲ್ ಹೊಡೆದು ನೆಟ್ಟಗೆ ಕೂರಿಸಿದೆ."

"ಚಿಲಕಕ್ಕೆ ಮೆತ್ತಿರೋ ಈ ಎಣ್ಣೆ?"

"ಬಿಗಿ ಇತ್ತಕ್ಕ. ಅರ್ಧ ಡಬ್ಬಿ ಹಾಕಿದೆ. ಒಳ್ಳೇದಕ್ಕೇ ಅಲ್ವಾ?"

"ಪೆದ್ದ! ಅಡ್ಡ ಹಾಕೋ ಚಿಲಕಕ್ಕೆ ಹಿಡಿದು ನಿಲ್ಲಿಸೋ ತಡೆ ಇರಲ್ಲ. ಆ ಬಿಗೀನೇ ಅದರ ತಡೆ. ಅದನ್ನ ನೆಟ್ಟಗೆ ನಿಲ್ಲಿಸಿ, ಮೇಲೆ ಎಣ್ಣೆನೂ ಹೊಯ್ದ್ರೆ, ಒಂದು ಏಟಿಗೆ ಜಾರದೆ ಇನ್ನೇನು? ನೆಟ್ಟಗೆ ನಿಲ್ಲಿಸೋ ಚಿಲಕಾನೇ ಬೇರೆ, ಅದಕ್ಕೆ ಹಿಡಿ ಜಾರದ ಹಾಗೆ ಕೆಳಗೊಂದು ತಡೆ ಇರುತ್ತೆ. ಎಣ್ಣೆ ಹಾಕಬೇಕಾದ್ದು ಬಾಗಿಲು ತಿರುಗೋ ಕೀಲುಗಳಿಗೆ. ಅಪರಾಧಿ ಬಡಗಿಯಲ್ಲ ಕಣೋ — ನೀನೇ!"

"ವಿಡಿಯೋ ನೋಡೋದು ಅರ್ಧಕ್ಕೇ ಬಿಟ್ಟಿರ್ತಾರೆ, ನನಗೆ ಗೊತ್ತು," ಎಂದರು ಹೆಂಡತಿ.

ಯಜಮಾನರ ಮುಖ ಕೆಂಪೇರಿತು. ಆದರೂ ಅವರು ನೆಟ್ಟಗೆ ಬಡಗಿಯ ಎದುರು ಬಂದು ನಿಂತರು. "ತಪ್ಪಾಯ್ತು ಮೇಸ್ತ್ರಿ. ಡಾಕ್ಟರ ಮುಂದೆ ನಿನ್ನನ್ನ ಅಂದೆ, ಅವರ ಮುಂದೆಯೇ ಹೇಳ್ತಿದೀನಿ. ತಪ್ಪು ನನ್ನದು."

ಬಡಗಿಯ ಕಣ್ಣು ತುಂಬಿತು. ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟರು. "ನಮ್ಮ ಬಾಗಿಲು ನಾಳೆಯಿಂದಲೇ ಶುರು ಮಾಡ್ತೀಯಾ?"

"ನಾಡಿದ್ದು ಬರ್ತೀನಿ ಸ್ವಾಮಿ," ಎಂದ ಬಡಗಿ, ಆಗಲೇ ಚಿಲಕದ ಮುಂದೆ ಮಂಡಿಯೂರಿ. "ನಾಳೆ ಇದನ್ನ ಮುಗಿಸ್ಬೇಕು. ಅರ್ಧಕ್ಕೆ ನಿಂತ ಕೆಲಸ ನನ್ನ ಹೆಸರಲ್ಲಿ ಇರೋದು ಬೇಡ."

ಈ ಕಥೆಯನ್ನು ಕೇಳಿದವರೆಲ್ಲರ ಕೈಗೆ ಕೌಶಲವೂ, ನಾಲಿಗೆಗೆ ತಪ್ಪನ್ನು ಒಪ್ಪುವ ಧೈರ್ಯವೂ ದೊರೆಯಲಿ. ನಿರಪರಾಧಿಯ ಪರವಾಗಿ ಮಾತನಾಡುವ ಒಬ್ಬರಾದರೂ ಪ್ರತಿ ಮನೆಯಲ್ಲಿ ಇರಲಿ. ಸರ್ವರಿಗೂ ಮಂಗಳವಾಗಲಿ.