ಶವದ ಗಾಡಿಯ ಮುಂದಿನ ಸೀಟು

ಮದುವೆಯಾದ ಹೊಸತರಲ್ಲಿ ಅವನು ಅವಳನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋಗಿದ್ದ. ಗೆಳೆಯನ ಕಾರು ಕೇಳಿ ತಂದಿದ್ದ. ದಾರಿಯುದ್ದಕ್ಕೂ ಹಾಡು ಹಾಕಲಿಲ್ಲ, ಹಾರ್ನ್ ಹೊಡೆಯಲಿಲ್ಲ, ಮಾತಂತೂ ಇಲ್ಲವೇ ಇಲ್ಲ. ಸೈಕಲ್‌ನವರು ಕೂಡ ಅವರನ್ನು ಹಿಂದೆ ಹಾಕಿ, ತಿರುಗಿ ನೋಡಿ ನಗುತ್ತಿದ್ದರು.

ಅವಳು ಹೊಸ ಬಟ್ಟೆ ತೊಟ್ಟು, ಕಣ್ಣಂಚಿನಲ್ಲೇ ಅವನನ್ನು ನೋಡುತ್ತ, ಅವನೂ ಒಮ್ಮೆ ನೋಡಲಿ ಎಂದು ಕಾದಿದ್ದಳು. ಅವನ ಕಣ್ಣು ಪದೇ ಪದೇ ಹೋಗುತ್ತಿದ್ದುದು ಕನ್ನಡಿಯತ್ತ.

“ಹಿಂದೆ ಯಾರನ್ನ ನೋಡ್ತಿದ್ದೀರಿ? ಹೆಂಡ್ತಿ ಇಲ್ಲಿದ್ದಾಳೆ.”

“ಯಾರೂ ಇಲ್ಲ,” ಅಂದ. ಕಿವಿ ಕೆಂಪಾಯಿತು. ಮತ್ತೆ ಕನ್ನಡಿ.

ಹಿಂದಿನ ಸೀಟಿನಲ್ಲಿದ್ದದ್ದು ಒಂದು ಬ್ಯಾಗು, ಅವಳ ಕೊಡೆ. ಅಷ್ಟೇ.

ಅವನು ದೊಡ್ಡ ಆಸ್ಪತ್ರೆಯೊಂದರ ಶವದ ಗಾಡಿಯ ಡ್ರೈವರ್. ದೂರದೂರುಗಳಿಂದ ಬಂದು ಇಲ್ಲಿ ಉಳಿಯದೆ ಹೋದವರನ್ನು ಅವರವರ ಮನೆ ತಲುಪಿಸುವುದು ಅವನ ಕೆಲಸ. ಅದು ಗೊತ್ತಿದ್ದೇ ಅವಳು ಒಪ್ಪಿದ್ದಳು. “ಸತ್ತವರನ್ನೇ ಅಷ್ಟು ಜೋಪಾನ ಮಾಡೋನು ನಿನ್ನ ಕೈಬಿಡ್ತಾನೇನಮ್ಮ?” ಎಂದಿದ್ದರು ಅಪ್ಪ.

ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಈಗ ಚೆನ್ನಾಗಿ ಕಾಣುತ್ತಾ, ಮೊದಲಿನದೇ ಪರವಾಗಿಲ್ವಾ ಎಂದು ದಿನವಿಡೀ ಕೇಳುವುದು, ಉತ್ತರ ಪಡೆಯುವುದು. ಮನೆಗೆ ಬಂದರೆ ಕೇಳಿದ್ದಕ್ಕೆಲ್ಲ ಒಂದು ‘ಹೂಂ’. ಆಮೇಲೂ ಕೆಲವು ಸಲ ಇಬ್ಬರೂ ಹೊರಗೆ ಹೋದರು. ಅದೇ ನಿಧಾನ, ಅದೇ ಮೌನ, ಅದೇ ಕನ್ನಡಿ.

“ಅವನ ಬಾಯಿಂದ ಮಾತು ಬರಬೇಕಾದ್ರೆ ಅರ್ಜಿ ಹಾಕ್ಬೇಕೇನೇ?” ಎಂದು ಅಕ್ಕ ಫೋನಿನಲ್ಲಿ ನಕ್ಕಳು.

“ನಗಬೇಡ ಅಕ್ಕ. ಅವರ ಪಕ್ಕ ಕೂತ್ರೆ ನಾನೂ ಸತ್ತಿದ್ದೀನಿ ಅನ್ಸುತ್ತೆ.”

ಅಕ್ಕ ಆಮೇಲೆ ನಗಲಿಲ್ಲ.

ಎದೆನೋವೆಂದು ಅಪ್ಪ ಅದೇ ಆಸ್ಪತ್ರೆಗೆ ಬಂದು ಸೇರಿದಾಗ ಅವಳು ಮಂಚದ ಪಕ್ಕ ಕೂತು ಹೇಳಿಬಿಟ್ಟಳು. “ನೀವು ಊರಿಗೆ ಹೋಗುವಾಗ ನಾನೂ ಬರ್ತೀನಿ ಅಪ್ಪ. ವಾಪಸ್ ಬರಲ್ಲ.”

ಅಪ್ಪ ಅವಳ ಕೈ ತಟ್ಟಿದರು. “ಆಯ್ತು. ಮೊದಲು ನನ್ನ ಡಿಸ್ಚಾರ್ಜ್ ಆಗ್ಲಿ.”

ಆಗಲಿಲ್ಲ.

ಬೆಳಗ್ಗೆ ಆಸ್ಪತ್ರೆಯ ಹಿಂಬಾಗಿಲಲ್ಲಿ ಅವನು ಗಾಡಿಯ ಕೀ ಹಿಡಿದು ನಿಂತಿದ್ದ. “ಬೇರೆ ಡ್ರೈವರ್‌ನ ಕಳಿಸ್ಲಾ?”

“ಬೇಡ. ನೀವೇ ಬನ್ನಿ.”

ಅವಳು ಮುಂದಿನ ಸೀಟಿನಲ್ಲಿ ಕೂತಳು. ಬೆನ್ನ ಹಿಂದೆ ಪುಟ್ಟ ಗಾಜು, ಗಾಜಿನಾಚೆ ಅಪ್ಪ. ಗಾಡಿ ಅವತ್ತಿನ ಕಾರಿನಂತೆಯೇ ಹೊರಟಿತು. ನಗರ ದಾಟಿದ ಮೇಲೆ ಅವನು ಕನ್ನಡಿ ನೋಡಿ, ಮಲಗಿದ ಮಗುವಿಗೆ ಹೇಳುವಷ್ಟು ಮೆಲ್ಲಗೆ ಹೇಳಿದ:

“ಮಾವ, ಎಡಕ್ಕೆ ತಿರುಗಿಸ್ತಿದ್ದೀನಿ.”

ಅವಳು ಅವನತ್ತ ನೋಡಿದಳು. ಅವನು ರಸ್ತೆಯಿಂದ ಕಣ್ಣು ಕೀಳಲಿಲ್ಲ. ಮತ್ತೊಂದಿಷ್ಟು ದೂರ ಹೋಗಿ, “ಮುಂದೆ ರೋಡು ಕೆಟ್ಟಿದೆ ಮಾವ. ಸ್ವಲ್ಪ ಕುಲುಕುತ್ತೆ.”

“ಎಲ್ಲರಿಗೂ ಹೀಗೆ ಹೇಳ್ತೀರಾ?”

“ಹೂಂ. ಮಲಗಿರೋರಿಗೆ ದಾರಿ ಕಾಣಲ್ವಲ್ಲ.”

“ಸತ್ತವರ ಹತ್ರ ಇಷ್ಟೊಂದು ಮಾತು. ನನ್ನ ಹತ್ರ ಮಾತ್ರ ಬಾಯಿಗೆ ಬೀಗ.”

ಎದುರಿನಿಂದ ಬಂದ ಲಾರಿಯೊಂದು ಗಾಡಿಯನ್ನು ನಡುಗಿಸಿ ಹೋಯಿತು.

“ಇವರಿಗೆ ಆಗೋದೆಲ್ಲ ಆಗಿಹೋಗಿದೆ,” ಎಂದ ಕೊನೆಗೆ. “ನನ್ನ ಕೈ ತಪ್ಪಿದ್ರೂ ಇವರಿಗೆ ಇನ್ನೇನೂ ಆಗಲ್ಲ. ನೀನು ಪಕ್ಕದಲ್ಲಿದ್ರೆ ಎದುರಿಗೆ ಬರೋ ಒಂದೊಂದು ಲಾರಿನೂ ನಿನ್ನನ್ನೇ ಹುಡುಕ್ಕೊಂಡು ಬರ್ತಿದೆ ಅನ್ಸುತ್ತೆ. ರೋಡಲ್ಲಿ ಬಿದ್ದವರನ್ನ ಎತ್ತಿದ ಕೈ ಇದು. ಬಾಯಿ ಒಣಗಿಹೋಗುತ್ತೆ. ಏನು ಮಾತಾಡ್ಲಿ?”

“ಮತ್ತೆ ಆ ಕನ್ನಡಿ?”

“ಹಿಂದೆ ಯಾರೂ ಮಲಗಿಲ್ಲ ಅಂತ ನೋಡ್ಕೊಳ್ತಿದ್ದೆ. ಇವತ್ತು ಕಾರಲ್ಲಿ ಬದುಕಿರೋರೇ ಇದ್ದೀವಿ ಅಂತ.”

ಇಷ್ಟು ದಿನ ಹೊತ್ತು ತಿರುಗಿದ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕೆಂದು ತಿಳಿಯದೆ ಅವಳು ಮಡಿಲಲ್ಲಿ ಕೈಯಿಟ್ಟು ಕೂತಳು. ಮತ್ತೊಂದು ತಿರುವು ಕಂಡಾಗ ಅವನಿಗಿಂತ ಮೊದಲು ಅವಳೇ ಗಾಜಿನತ್ತ ತಿರುಗಿದಳು.

“ಅಪ್ಪ, ಬಲಕ್ಕೆ.”

“ಜೋರಾಗಿ ಹೇಳು,” ಎಂದ ಅವನು. “ಮಾವನಿಗೆ ಕಿವಿ ಸ್ವಲ್ಪ ಮಂದ.”

ಅವಳಿಗೆ ನಗು ಬಂದುಬಿಟ್ಟಿತು. ನಗು ಹೊರಬೀಳುತ್ತಲೇ ಅಳುವಾಯಿತು. ಆಸ್ಪತ್ರೆಯಲ್ಲಿ ಬಾರದಿದ್ದ ಅಳು. ಅವನು ಗಾಡಿಯನ್ನು ಪಕ್ಕಕ್ಕೆ ಹಾಕಿ, ಎಂಜಿನ್ ನಿಲ್ಲಿಸಿ, ಅವಳ ಅಳು ಮುಗಿಯುವತನಕ ಕಾದ. ಸಮಾಧಾನ ಹೇಳಲಿಲ್ಲ. ಆ ಮೌನ ಮಾತ್ರ ಅವಳಿಗೆ ಮೊದಲಿನದರಂತೆ ಇರಲಿಲ್ಲ.

ಊರಲ್ಲಿ ಎಲ್ಲ ಮುಗಿಯಿತು. ಮರುದಿನವೇ ಆಸ್ಪತ್ರೆಯಿಂದ ಫೋನ್ ಬಂತು. ಅವನು ಬಕೆಟ್‌ನಲ್ಲಿ ನೀರು ತಂದು ಗಾಡಿಯ ಹಿಂಭಾಗ ತೊಳೆಯತೊಡಗಿದ.

ಒಳಗೆ ಅಕ್ಕ ಕೇಳಿದಳು, “ನಿನ್ನ ಬಟ್ಟೆಬರೆ ಕಳಿಸೋಕೆ ಅವನಿಗೆ ಹೇಳ್ಲಾ?”

ಅವಳು ಎದ್ದು ಅಂಗಳಕ್ಕೆ ಬಂದಳು.

“ವಾಪಸ್ ಹೋಗುವಾಗ ಜೊತೆಗೆ ಯಾರಿರ್ತಾರೆ ನಿಮಗೆ?”

“ಯಾರೂ ಇರಲ್ಲ.”

“ನಾನು ಇಲ್ಲೇ ಉಳಿಯೋಳು. ಗೊತ್ತಾ?”

“ಮಾವ ಹೇಳಿದ್ರು.”

“ಗೊತ್ತಿದ್ದೂ ಸುಮ್ಮನಿದ್ರಾ?”

ಅವನು ಒದ್ದೆ ಬಟ್ಟೆ ಹಿಂಡಿದ. “ಬಿಟ್ಟು ಹೋದವರನ್ನ ಮನೆ ತಲುಪಿಸೋದು ಗೊತ್ತು. ಹೋಗೋರನ್ನ ನಿಲ್ಲಿಸೋದು ಗೊತ್ತಿಲ್ಲ.”

“ಬಾಯಿಬಿಟ್ಟು ಕೇಳಿದ್ರೆ ಗೊತ್ತಾಗುತ್ತೆ.”

ಅವನು ತಲೆಯೆತ್ತಿ ನೋಡಿದ. ನಿದ್ದೆಯಿಲ್ಲದ ಕಣ್ಣು. ಮೊದಲ ಸಲ ಆ ಕಣ್ಣು ಬೇರೆ ಕಡೆ ಸರಿಯಲಿಲ್ಲ.

“ಬಾ,” ಎಂದ. “ಭಯ ಆದ್ರೂ ಮಾತಾಡ್ತೀನಿ. ನೀನು ಬಾ.”

ಊರು ಹಿಂದೆ ಸರಿಯಿತು. ಗಾಡಿಯೊಳಗೆ ಫಿನಾಯಿಲ್ ವಾಸನೆ. ಎಷ್ಟೋ ದಿನಗಳ ದಣಿವಿಗೆ ಅವಳ ಕತ್ತು ವಾಲಿ, ರೆಪ್ಪೆಗಳು ಮುಚ್ಚಿದವು.

“ಮಲಗಬೇಡ,” ಎಂದ ಅವನು ಗಾಬರಿಯಿಂದ. “ಈ ಗಾಡೀಲಿ ನೀನು ಕಣ್ಣು ಮುಚ್ಚಿರೋದನ್ನ ನನಗೆ ನೋಡೋಕಾಗಲ್ಲ.”

ಅವಳು ನೆಟ್ಟಗೆ ಕೂತು, ಗೇರಿನ ಮೇಲಿದ್ದ ಅವನ ಕೈಮೇಲೆ ಕೈಯಿಟ್ಟಳು. ಅದು ತಣ್ಣಗಿತ್ತು.

“ಎಚ್ಚರ ಇರ್ತೀನಿ. ನೀವು ಮಾತಾಡಿ.”

ಅವನು ಗಂಟಲು ಸರಿಮಾಡಿಕೊಂಡ. ಹೊಲಗಳು, ಒಂದು ಮುಚ್ಚಿದ ಕಾರ್ಖಾನೆ, ಮತ್ತೆ ಹೊಲಗಳು ಕಳೆದವು.

“ಈ ಕೆಲಸಕ್ಕೆ ಸೇರಿದ ಮೇಲೆ ಮೊದಲು ಕರ್ಕೊಂಡು ಹೋಗಿದ್ದು ನಮ್ಮಮ್ಮನ್ನ,” ಎಂದ. “ಅವತ್ತು ಈ ಸೀಟಲ್ಲಿ ಯಾರೂ ಇರಲಿಲ್ಲ.”