ಹನ್ನೊಂದನೇ ಪ್ಲಗ್

“ಎರಡೇ ನಿಮಿಷ ಕಣೇ ಸೈಮಿ. ಎಂಟನೇ ಲೆವೆಲ್ ಇನ್ನೇನು ಮುಗಿದೇ ಹೋಯ್ತು.”

ಸೈಮಿ ಟೀವಿ ಮೇಜಿನ ಕೆಳಗೆ ನುಗ್ಗಿದ್ದಳು. ಅವಳ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಕಿಟಕಿಯಾಚೆ ಸರೋವರದ ಮೇಲೆ ಮಿಂಚು ಹೊಳೆಯಿತು. ಅವಳು ಎಣಿಸತೊಡಗಿದಳು. ಒಂದು, ಎರಡು, ಮೂರು. ಹದಿನೈದಕ್ಕೆ ಗುಡುಗು ಕೇಳಿಸಿತು.

“ಹದಿನೈದು. ಮೂರರಿಂದ ಭಾಗಿಸಿದ್ರೆ ಐದು ಕಿಲೋಮೀಟರ್. ಎರಡು ನಿಮಿಷ ಎಲ್ಲಿಂದ ತರ್ಲಿ?” ಎಂದವಳೇ ಟೀವಿಯ ಪ್ಲಗ್ ಕಿತ್ತಳು. ಗೇಮ್ ಪೆಟ್ಟಿಗೆಯ ಪ್ಲಗ್ ಕಿತ್ತಳು. ಆಂಟೆನಾದ ವೈರನ್ನೂ ಕಿತ್ತಳು. ಕಾಸ್ಪರನ ಎಂಟನೇ ಲೆವೆಲ್ ಕಪ್ಪು ಪರದೆಯೊಳಗೆ ಮಾಯವಾಯಿತು.

ಕಾಸ್ಪರ್ ಅವಳ ಸೋದರಮಾವನ ಮಗ. ವಯಸ್ಸು ಹನ್ನೆರಡು, ಸೈಮಿಗಿಂತ ಎರಡು ವರ್ಷ ದೊಡ್ಡವನು. ಬೇಸಿಗೆ ರಜೆಗೆ ಹೆಲ್ಸಿಂಕಿಯಿಂದ ಬರುವಾಗ ಬಟ್ಟೆ ಮರೆತಿದ್ದ, ಗೇಮ್ ಪೆಟ್ಟಿಗೆ ಮರೆತಿರಲಿಲ್ಲ. ಈಗ ಕಂಟ್ರೋಲರ್ ಹಿಡಿದುಕೊಂಡು ಬಾಯಿ ತೆರೆದೇ ಕೂತಿದ್ದ.

“ಸೇವ್ ಮಾಡೋಕೂ ಬಿಡ್ಲಿಲ್ವಲ್ಲೇ. ನೀನೇನು ಮನುಷ್ಯಳಾ?”

“ಸಿಡಿಲು ಬಿಡತ್ತಾ?” ಎಂದು ಸೈಮಿ ಅಡುಗೆಮನೆಗೆ ಓಡಿದಳು.

ಅವಳ ಹಠಕ್ಕೆ ಕಾರಣವಿತ್ತು. ಹೋದ ಬೇಸಿಗೆಯಲ್ಲಿ ಗುಡುಗು ಬಂದಾಗ ಪ್ಲಗ್ ಕೀಳುವ ಕೆಲಸ ಅವಳದೇ ಆಗಿತ್ತು. ಟೀವಿಯ ಪ್ಲಗ್ ಕಿತ್ತಿದ್ದಳು, ಆಂಟೆನಾ ವೈರ್ ಮರೆತಿದ್ದಳು. ಸಿಡಿಲು ಹೊಡೆದದ್ದು ದೂರದ ಪೈನ್ ಮರಕ್ಕೆ. ಆದರೂ ಅದರ ಕರೆಂಟು ವೈರ್ ಹಿಡಿದು ಮನೆಯೊಳಗೆ ಬಂದು ಟೀವಿಯನ್ನು ಸುಟ್ಟುಹಾಕಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ವಾಸಿಯಾಗಿರುತ್ತಿತ್ತು. ಆಮೇಲೆ ಅವಳೇ ಒಂದು ಪಟ್ಟಿ ಮಾಡಿ ಫ್ರಿಜ್ ಬಾಗಿಲಿಗೆ ಅಂಟಿಸಿದಳು. ಹತ್ತು ಪ್ಲಗ್, ಎರಡು ವೈರ್. ಅಂದಿನಿಂದ ತಾತ ಅವಳನ್ನು ‘ಪ್ಲಗ್ ಮೇಡಂ’ ಎಂದೇ ಕರೆಯುತ್ತಿದ್ದರು.

ಫ್ರಿಜ್, ಕಾಫಿ ಮೇಕರ್, ಇಂಟರ್ನೆಟ್ ಡಬ್ಬಿ, ವಾಷಿಂಗ್ ಮೆಷಿನ್. ಐದೇ ನಿಮಿಷದಲ್ಲಿ ಪಟ್ಟಿ ಮುಗಿಯಿತು.

ಕಾಸ್ಪರ್ ಅವಳ ಹಿಂದೆಯೇ ಬಂದಿದ್ದ. ಮುಖ ಇನ್ನೂ ಕೆಂಪಗಿತ್ತು. “ಎಲ್ಲಾ ಕಿತ್ತಾಯ್ತಾ ಮೇಡಂ?”

“ಆಯ್ತು.”

“ನಿನ್ನ ಕಾವುಪೆಟ್ಟಿಗೆ?”

ಸೈಮಿ ಫ್ರಿಜ್ ಬಾಗಿಲಿನ ಕಡೆ ನೋಡಿದಳು. ಪಟ್ಟಿಯ ಹತ್ತು ಪ್ಲಗ್‌ಗಳಲ್ಲಿ ಅದು ಇರಲಿಲ್ಲ.

ಕಾವುಪೆಟ್ಟಿಗೆ ಅವಳ ಕೋಣೆಯಲ್ಲಿತ್ತು. ಅದರೊಳಗೆ ಒಂಬತ್ತು ಮೊಟ್ಟೆ. ಪಕ್ಕದ ಮನೆಯ ಹೆಲ್ಲೆವಿ ಆಂಟಿ ಸಾಕಿದ್ದ ನಾಡತಳಿ ಕೋಳಿಗಳನ್ನು ವಸಂತದ ಕೊನೆಯಲ್ಲಿ ನರಿ ಹೊತ್ತುಕೊಂಡು ಹೋಗಿತ್ತು, ಒಂದನ್ನೂ ಬಿಡದೆ. ಉಳಿದದ್ದು ಬುಟ್ಟಿಯಲ್ಲಿದ್ದ ಈ ಒಂಬತ್ತು ಮೊಟ್ಟೆ ಮಾತ್ರ. ಕಾವು ಕೊಡಲು ಕೋಳಿಯೇ ಇಲ್ಲವಲ್ಲ ಎಂದು ಆಂಟಿ ಅತ್ತಾಗ, “ನಾನು ಮರಿ ಮಾಡಿಸಿ ಕೊಡ್ತೀನಿ” ಎಂದು ಸೈಮಿ ಮಾತು ಕೊಟ್ಟಿದ್ದಳು. ಶಾಲೆಯಿಂದ ಪೆಟ್ಟಿಗೆ ಕೇಳಿ ತಂದಿದ್ದಳು. ಇವತ್ತಿಗೆ ಇಪ್ಪತ್ತೊಂದನೇ ದಿನ. ಬೆಳಿಗ್ಗೆಯೇ ಒಂದು ಮೊಟ್ಟೆಯಲ್ಲಿ ಗೋಧಿ ಕಾಳಿನಷ್ಟು ತೂತು ಬಿದ್ದಿತ್ತು.

“ಅದು ಸರ್ಜ್ ಬೋರ್ಡ್‌ನಲ್ಲಿದೆ. ಕರೆಂಟು ಜಾಸ್ತಿ ನುಗ್ಗಿದ್ರೆ ಬೋರ್ಡ್ ತಡ್ಕೊಳ್ಳತ್ತೆ. ನಿಮ್ಮಪ್ಪಾನೇ ಹೇಳಿದ್ರಲ್ಲ” ಎಂದಳು ಸೈಮಿ.

“ಓಹೋ. ನಮ್ಮಪ್ಪ ತಂದ ಬೋರ್ಡು ನಿನ್ನ ಮೊಟ್ಟೆಗೆ. ನನ್ನ ಗೇಮ್‌ಗೆ ಮಾತ್ರ ಪ್ಲಗ್ ಕೀಳೋದು. ಚೆನ್ನಾಗಿದೆ ನಿನ್ನ ನ್ಯಾಯ.”

ಅವನು ನೇರ ಕೋಣೆಗೆ ಹೋಗಿ ಬೋರ್ಡಿನ ಮುಂದೆ ಬಗ್ಗಿ ಕೂತ. ತಪ್ಪು ಹುಡುಕಲೆಂದೇ ಕೂತಿದ್ದ. ಅಂಥವರ ಕಣ್ಣು ಬಲು ಚುರುಕು.

“ಲೇ, ಇದರಲ್ಲಿ ಎರಡು ಲೈಟ್ ಇರ್ಬೇಕಲ್ವಾ? ನಮ್ಮನೇದರಲ್ಲಿ ಹಸಿರೂ ಉರಿಯತ್ತೆ. ಇಲ್ಲಿ ಬರೀ ಕೆಂಪು.”

ಸೈಮಿ ಬೋರ್ಡನ್ನು ಮೆಲ್ಲಗೆ ಮಗುಚಿ ಹಿಂದಿನ ಚೀಟಿ ಓದಿದಳು. ಇರುವೆ ಸಾಲಿನಂಥ ಅಕ್ಷರ. ‘ಕೆಂಪು ದೀಪ: ಕರೆಂಟ್ ಇದೆ. ಹಸಿರು ದೀಪ: ರಕ್ಷಣೆ ಇದೆ. ಹಸಿರು ಆರಿದ್ದರೆ ಬೋರ್ಡ್ ಬದಲಿಸಿ.’

ಅವಳಿಗೆ ಈಗ ಅರ್ಥವಾಯಿತು. ಮೇ ತಿಂಗಳಲ್ಲಿ ಮನೆಯಲ್ಲಿ ಯಾರೂ ಇಲ್ಲದಾಗ ಒಮ್ಮೆ ಸಿಡಿಲು ಬಂದಿತ್ತು. ಹೊಸ ಟೀವಿ ಆಗ ಈ ಬೋರ್ಡಿನಲ್ಲೇ ಇತ್ತು, ಅದಕ್ಕೇನೂ ಆಗಲಿಲ್ಲ. ತಾತ ಬೋರ್ಡಿನ ಬೆನ್ನು ತಟ್ಟಿ “ಗಟ್ಟಿಗ ಕಣೋ ನೀನು” ಎಂದಿದ್ದರು. ಅವತ್ತೇ ಅದು ತನ್ನ ಶಕ್ತಿಯನ್ನೆಲ್ಲ ಖರ್ಚು ಮಾಡಿಬಿಟ್ಟಿತ್ತು. ಕರೆಂಟು ಮಾತ್ರ ಬರುತ್ತಲೇ ಇದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

ಮಿಂಚಿತು. ಒಂದು, ಎರಡು, ಮೂರು. ಒಂಬತ್ತಕ್ಕೇ ಗುಡುಗು. ಕಿಟಕಿಯ ಗಾಜು ನಡುಗಿತು.

“ಕೀಳಲ್ವಾ?” ಕಾಸ್ಪರ್ ಕೇಳಿದ. ಅವನ ದನಿಯಲ್ಲಿ ಈಗ ಚುಡಾಯಿಸುವ ಧಾಟಿ ಇರಲಿಲ್ಲ.

ಕೀಳದೆ ಬಿಟ್ಟು ಸಿಡಿಲು ನುಗ್ಗಿದರೆ ಪೆಟ್ಟಿಗೆ ಸುಡುತ್ತದೆ. ಕಿತ್ತರೆ ಮೊಟ್ಟೆ ತಣ್ಣಗಾಗುತ್ತವೆ. ಪೆಟ್ಟಿಗೆಯೊಳಗಿಂದ ಕಿಚಿಕಿಚಿ ಸದ್ದು ಕೇಳುತ್ತಿತ್ತು. ಸೈಮಿಗೆ ಅಳು ಬಂತು. ಅಳುತ್ತಾ ಕೂರುವಷ್ಟು ಹೊತ್ತು ಇರಲಿಲ್ಲ. ಅವಳು ಪ್ಲಗ್ ಹಿಡಿದು ಎಳೆದಳು. ಫ್ಯಾನಿನ ಸದ್ದು ನಿಂತಿತು. 37.5 ಎಂಬ ಅಂಕಿ ಆರಿಹೋಯಿತು.

ಆಗ ಹಜಾರದ ಕಡೆಯಿಂದ ಬರ್ಚ್ ಮರದ ಸೌದೆಯ ಹೊಗೆಯ ವಾಸನೆ ಬಂತು. ಶನಿವಾರವಲ್ಲವೇ, ತಾತ ಸೌನಾ ಕಾಯಿಸುತ್ತಿದ್ದರು.

ಸೌನಾ ಇದ್ದದ್ದು ಹಿಂಬದಿಯಲ್ಲಿ, ಮನೆಗೇ ಅಂಟಿಕೊಂಡು. ಮರದ ಪುಟ್ಟ ಕೋಣೆ, ಮೂಲೆಯಲ್ಲಿ ಒಲೆ, ಒಲೆಯ ಮೇಲೆ ಕಲ್ಲಿನ ರಾಶಿ. ಕಾದ ಕಲ್ಲಿನ ಮೇಲೆ ನೀರು ಸುರಿದು, ಮೆಟ್ಟಿಲಿನಂಥ ಮೂರು ಹಲಗೆಗಳ ತುದಿಯಲ್ಲಿ ಕೂತು ಬೆವರುವುದೆಂದರೆ ತಾತನಿಗೆ ಪ್ರಾಣ. ಐವತ್ತು ವರ್ಷದಲ್ಲಿ ಒಂದು ಶನಿವಾರವೂ ತಪ್ಪಿಸಿರಲಿಲ್ಲ. ಸೈಮಿಯ ಅಮ್ಮ ಹುಟ್ಟಿದ ದಿನವೂ ಮೊದಲು ಸೌನಾ ಮುಗಿಸಿಯೇ ಆಸ್ಪತ್ರೆಗೆ ಹೋಗಿದ್ದರಂತೆ. ಅಮ್ಮ ಈಗ ಅದೇ ಆಸ್ಪತ್ರೆಯಲ್ಲಿ ನರ್ಸ್. ಇವತ್ತೂ ಡ್ಯೂಟಿಯಲ್ಲಿದ್ದಳು. ಆ ಕತೆಯನ್ನು ನೆನೆದು ಈಗಲೂ ಒಮ್ಮೊಮ್ಮೆ ಮುನಿಸಿಕೊಳ್ಳುತ್ತಾಳೆ.

“ತಾತ, ಒಳಗೆ ಎಷ್ಟು ಬಿಸಿ ಇದೆ?” ಸೈಮಿ ಏದುಸಿರು ಬಿಡುತ್ತಾ ಕೇಳಿದಳು.

“ಈಗಿನ್ನೂ ಶುರು ಮಾಡಿದೀನಿ. ಯಾಕಮ್ಮ?”

“ಮೊಟ್ಟೆ ಇಡ್ಬೇಕು.”

“ಸೌನಾದಲ್ಲಾ? ಬೆಂದು ಹೋಗ್ತಾವಲ್ಲೇ.”

“ಬೇಯೋದು ಮೇಲಿನ ಹಲಗೇಲಿ. ಕೆಳಗಿಂದು ಬರೀ ಬೆಚ್ಚಗಿರತ್ತೆ. ಚಿಕ್ಕವಳಿದ್ದಾಗ ನನ್ನ ಅಲ್ಲೇ ಕೂರಿಸ್ತಿದ್ರಲ್ಲ.”

ತಾತ ಕೈಯಲ್ಲಿದ್ದ ಸೌದೆಯನ್ನೊಮ್ಮೆ ನೋಡಿದರು. ಮೊಮ್ಮಗಳ ಮುಖವನ್ನೊಮ್ಮೆ ನೋಡಿದರು. “ಅಂದ್ರೆ ಇವತ್ತು ನನಗೆ ಸೌನಾ ಇಲ್ಲ” ಎಂದರು.

“ಇಲ್ಲ ತಾತ.”

ತಾತ ಸೌದೆಯನ್ನು ಗೂಡಿನಲ್ಲಿ ವಾಪಸ್ ಇಟ್ಟರು. “ಗುಡುಗೋವಾಗ ಒಲೆ ಉರಿಸಬಾರದು ಅಂತ ನಮ್ಮಮ್ಮ ಹೇಳ್ತಿದ್ರು. ಗುಡುಗು ನಿಲ್ಲೋವರೆಗೂ ಹೊಸ ಸೌದೆ ಹಾಕಲ್ಲ. ಇರೋ ಬಿಸೀಲೇ ಸುಧಾರಿಸ್ಬೇಕು, ಆಗತ್ತಾ?”

“ಆಗಿಸ್ತೀನಿ.”

ಚಳಿಗಾಲದ ಉಣ್ಣೆ ಟೋಪಿಗಳು ಹೊರಬಂದವು. ಮೂರು ಟೋಪಿ, ಒಂದೊಂದರಲ್ಲಿ ಮೂರು ಮೊಟ್ಟೆ. ಕಾಸ್ಪರ್ ಎರಡು ಟೋಪಿ ಎತ್ತಿಕೊಂಡು ಉಸಿರು ಬಿಗಿಹಿಡಿದು ನಡೆದ. ತಾತ ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರ್ ತಂದರು. ಅದು ಮೂವತ್ತೈದರಿಂದ ನಲವತ್ತೆರಡರವರೆಗೆ ಮಾತ್ರ ತೋರಿಸುತ್ತಿತ್ತು. ಅಷ್ಟೇ ಸಾಕಿತ್ತು.

ಕೆಳಗಿನ ಹಲಗೆಯಲ್ಲಿ ಮೂವತ್ತೊಂಬತ್ತು. “ಜ್ವರ ಬಂದಿದೆ” ಎಂದ ಕಾಸ್ಪರ್. ಸೈಮಿ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದಳು. ಪಾದರಸ ಕೆಳಗಿಳಿಯಲೆಂದು ಥರ್ಮಾಮೀಟರನ್ನು ಒದರಿ ಮತ್ತೆ ಇಟ್ಟಳು. ಮೂವತ್ತೇಳೂವರೆ. ಚಿಪ್ಪಿನೊಳಗಿನ ಪೊರೆ ಒಣಗದಿರಲೆಂದು ಒಂದು ಬಟ್ಟಲು ನೀರನ್ನು ಒಲೆಯ ಪಕ್ಕ ಇಟ್ಟಳು.

ಮೂವರೂ ಕೂತಿದ್ದಾಗಲೇ ಆ ಸಿಡಿಲು ಬಿತ್ತು. ಎಣಿಸಲು ಒಂದು ಎನ್ನುವಷ್ಟೂ ಹೊತ್ತಿರಲಿಲ್ಲ. ಬೆಳಕೂ ಸದ್ದೂ ಒಟ್ಟಿಗೇ ಬಂದವು. ಸೌನಾದ ದೀಪ ಆರಿತು. ಅಡುಗೆಮನೆಯಲ್ಲಿ ಪಟ್ ಎಂದು ಏನೋ ಒಡೆದಂತಾಯಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು.

ತಾತ ನೋಡಿಕೊಂಡು ಬಂದರು. ಮುಖ ತಪ್ಪು ಮಾಡಿದ ಹುಡುಗನ ಮುಖದಂತಿತ್ತು.

“ಕಾಫಿ ಮೇಕರ್” ಎಂದರು.

“ಅದರ ಪ್ಲಗ್ ಕಿತ್ತಿದ್ನಲ್ಲ ತಾತ.”

“ಕಿತ್ತಿದ್ದೆ. ಮಳೆ ಬರೋ ಹಾಗಿತ್ತು, ಒಂದು ಲೋಟ ಕುಡಿಯೋಣ ಅಂತ ನಾನೇ ಮತ್ತೆ ಹಾಕ್ದೆ. ನಿಮ್ಮಮ್ಮಂಗೆ ನಾನೇ ಹೇಳ್ತೀನಿ ಬಿಡು.”

ಕಾಸ್ಪರ್ ಕೈಯಲ್ಲಿ ಮುಖ ಮುಚ್ಚಿ ನಕ್ಕ. ಸೈಮಿಗೆ ನಗು ಬರಲಿಲ್ಲ. ಪ್ಲಗ್ ಕೀಳದಿದ್ದರೆ ಸುಟ್ಟಿರುತ್ತಿದ್ದುದು ಕಾಫಿ ಮೇಕರ್ ಒಂದೇ ಅಲ್ಲ ಎಂದು ಅವಳಿಗೆ ಗೊತ್ತಿತ್ತು.

ಕಲ್ಲು ಆರತೊಡಗಿತು. ಅರ್ಧ ಗಂಟೆಯ ಮೇಲೆ ಒದರಿ ಇಟ್ಟಾಗ ಥರ್ಮಾಮೀಟರ್ ಮೂವತ್ತಾರೂವರೆ ತೋರಿಸಿತು.

“ಬಾಗಿಲು ಮುಚ್ಚು” ಎಂದ ಕಾಸ್ಪರ್.

ಮುಚ್ಚಿದರೂ ಸಾಲಲಿಲ್ಲ. ಸೈಮಿ ಮೇಲಿನ ಹಲಗೆಗಳ ಕಡೆ ನೋಡಿದಳು. ಬಿಸಿ ಯಾವಾಗಲೂ ಮೇಲೇರುತ್ತದೆ. ಟೋಪಿಗಳನ್ನು ನಡುವಿನ ಹಲಗೆಗೆ ಏರಿಸಿದಳು. ಥರ್ಮಾಮೀಟರ್ ಒದರಿದಳು, ಇಟ್ಟಳು, ಕಾದಳು. ಮೂವತ್ತೆಂಟು. ಮತ್ತೆ ಅರ್ಧ ಗಂಟೆಗೆ ಅಲ್ಲೂ ತಣ್ಣಗಾಯಿತು. ಆಗ ಮೇಲಿನ ಹಲಗೆ. ಅಲ್ಲಿಂದ ಮೇಲೆ ಸೂರು ಮಾತ್ರ ಇತ್ತು.

“ಕೈ ನೋವಾದ್ರೆ ಕೊಡು, ನಾನು ಒದರ್ತೀನಿ” ಎಂದ ಕಾಸ್ಪರ್. ಸೈಮಿ ಥರ್ಮಾಮೀಟರ್ ಕೊಟ್ಟಳು.

“ನಾನು ಹೇಳ್ದೇ ನಿನ್ನ ಪ್ಲಗ್ ಕಿತ್ತುಬಿಟ್ಟೆ” ಎಂದಳು ಸೈಮಿ.

“ಹೂಂ.”

“ನಂದು ಕೀಳೋವಾಗ ಗೊತ್ತಾಯ್ತು.”

ಕಾಸ್ಪರ್ ಥರ್ಮಾಮೀಟರನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದ. “ಮೂವತ್ತೇಳು. ತಾತ, ಗುಡುಗು ಎಷ್ಟು ದೂರ ಹೋಯ್ತು?”

ತಾತ ಕಿಟಕಿಗೆ ಕಿವಿಯಿಟ್ಟು ಕೂತಿದ್ದರು. ಮಿಂಚಿಗೂ ಗುಡುಗಿಗೂ ನಡುವೆ ಈಗ ನಲವತ್ತರವರೆಗೆ ಎಣಿಸಬಹುದಿತ್ತು. ಮತ್ತೊಮ್ಮೆ ಎಣಿಸಿದರು. ಎಪ್ಪತ್ತಾದರೂ ಗುಡುಗು ಕೇಳಲಿಲ್ಲ. ಅರ್ಧ ಗಂಟೆ ಹಾಗೇ ಕಾದರು. ಆಮೇಲೆ ಬೆರಳು ಗಾತ್ರದ ಎರಡು ಚಕ್ಕೆ ಒಲೆಗೆ ಹಾಕಿ ಬೆಂಕಿ ಹಚ್ಚಿದರು. ಹೆಚ್ಚಿಲ್ಲ, ಕಡಿಮೆಯಿಲ್ಲ. ಐವತ್ತು ವರ್ಷ ಆ ಒಲೆಯೊಂದಿಗೆ ಏಗಿದವರಿಗೆ ಅದರ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಮೊಟ್ಟೆಗಳು ಮತ್ತೆ ಕೆಳಗಿನ ಹಲಗೆಗೆ ಇಳಿದವು.

ಕರೆಂಟ್ ಇನ್ನೂ ಬಂದಿರಲಿಲ್ಲ. ತಾತ ರೈ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ತಂದರು. ಕಾಫಿ ಮಾತ್ರ ಇರಲಿಲ್ಲ, ಅದರ ಸುದ್ದಿ ಯಾರೂ ಎತ್ತಲಿಲ್ಲ. ಮೂವರೂ ಹಲಗೆಯ ಮುಂದೆ ನೆಲದ ಮೇಲೆ ಕೂತು ತಿಂದರು.

ಎಂಟು ಗಂಟೆಯ ಹೊತ್ತಿಗೆ ಮೊದಲ ಟೋಪಿಯೊಳಗಿನ ಸದ್ದು ನಿಂತುಹೋಯಿತು.

ಬೆಳಿಗ್ಗೆ ತೂತು ಬಿದ್ದಿದ್ದ ಮೊಟ್ಟೆ ಅದರಲ್ಲೇ ಇತ್ತು. ಅದನ್ನು ಎತ್ತಿ ಕಿವಿಗಿಟ್ಟು ಕೇಳಬೇಕೆಂದು ಸೈಮಿಗೆ ಅನಿಸಿತು. ಚಿಪ್ಪನ್ನು ತಾನೇ ಬಿಡಿಸಬೇಕೆನಿಸಿತು. ಮುಟ್ಟಬಾರದು ಎಂದು ಹೆಲ್ಲೆವಿ ಆಂಟಿ ಹೇಳಿದ್ದರು. ಸೈಮಿ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

“ಸುಸ್ತಾಗಿ ಮಲಗಿರತ್ತೆ ಕಣೇ. ಆಚೆ ಬರೋದು ಅಂದ್ರೆ ಏನು ಸುಮ್ನೆನಾ” ಎಂದರು ತಾತ ಮೆಲ್ಲಗೆ.

ಬಹಳ ಹೊತ್ತಿನ ಮೇಲೆ ಆ ಮೊಟ್ಟೆ ತಾನಾಗಿ ಅಲುಗಿತು. ತೂತಿನಿಂದ ಒಂದು ಗೆರೆ ಹೊರಟು ಸುತ್ತಲೂ ಹರಿಯತೊಡಗಿತು.

ಆಗಲೇ ತಲೆಯ ಮೇಲಿನ ದೀಪ ಫಳ್ಳನೆ ಉರಿಯಿತು. ಆರಿತು. ಮತ್ತೆ ಉರಿದು ನಿಂತಿತು.

ಕಾಸ್ಪರ್ ಅರ್ಧ ಎದ್ದ. ಹಜಾರದ ಕಡೆ ನೋಡಿದ. ಮೊಟ್ಟೆಯ ಕಡೆ ನೋಡಿದ. ಮತ್ತೆ ಕೂತ.

“ಗೇಮ್ ಬೇಡ್ವಾ?” ಸೈಮಿ ಪಿಸುಗುಟ್ಟಿದಳು.

“ಇದಕ್ಕೆ ಸೇವ್ ಬಟನ್ ಇಲ್ವಲ್ಲ.”

“ಕರೆಂಟ್ ಬಂತಲ್ಲ, ಪೆಟ್ಟಿಗೆಗೆ ಹಾಕ್ಬಿಡೋಣ್ವಾ?” ತಾತ ಕೇಳಿದರು.

ಸೈಮಿ ಬೇಡವೆಂದು ತಲೆಯಾಡಿಸಿದಳು. ಬಂದ ಕರೆಂಟ್ ಒಮ್ಮೆ ಹೆಚ್ಚಿ ಒಮ್ಮೆ ಕುಗ್ಗಿ ನೆಲೆ ನಿಲ್ಲಲು ಹೊತ್ತು ಬೇಕು. ಅದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಉಳಿದ ಪ್ಲಗ್‌ಗಳನ್ನು ಕಿತ್ತಾಗ ಅವಳ ಕೆಲಸ ಮುಗಿದಿತ್ತು. ಕಾವುಪೆಟ್ಟಿಗೆಯ ಹನ್ನೊಂದನೆಯದನ್ನು ಕಿತ್ತಾಗ ಶುರುವಾಗಿತ್ತು, ಇನ್ನೂ ನಡೆಯುತ್ತಿತ್ತು.

ಚಿಪ್ಪು ಎರಡು ಹೋಳಾಯಿತು. ಒದ್ದೆಯಾದ, ಬಳಲಿದ ಒಂದು ಮರಿ ಉಣ್ಣೆಯ ಮೇಲೆ ಹೊರಳಿ, ತನ್ನ ತಲೆಯನ್ನು ತಾನೇ ಹೊರಲಾರದೆ ಅಲ್ಲೇ ಇಟ್ಟುಬಿಟ್ಟಿತು. ಪಕ್ಕದ ಮೊಟ್ಟೆಯೊಳಗಿಂದ ಯಾರೋ ಟಕ್ ಟಕ್ ಎಂದು ಕುಟ್ಟತೊಡಗಿದರು.

ತಾತನಿಗೆ ಸರಿಯಾಗಿ ಕಾಣಲೆಂದು ಸೈಮಿ ಸ್ವಲ್ಪ ಪಕ್ಕಕ್ಕೆ ಸರಿದು ಕೂತಳು.